ತೈವಾನಿನಲ್ಲಿ ಮಾಂಸದಂತೆ ಕಾಣುವುದಕ್ಕೆ ಹೆದರಬೇಡಿ, ಸೊಪ್ಪಿನ ಪಲ್ಯಕ್ಕೆ ಹೆದರಿ

ಪ್ರಶ್ನೆ: ನಮ್ಮೂರು ತೀರ್ಥಹಳ್ಳಿ ಹತ್ತಿರ. ಯಜಮಾನರಿಗೆ ತೈವಾನಿನ ಶಿಂಚು ಸೈನ್ಸ್ ಪಾರ್ಕಿನಲ್ಲಿ ಕೆಲಸ. ಬಂದು ವರ್ಷವಾಗುತ್ತಾ ಬಂತು. ನಾನು ಸಸ್ಯಾಹಾರಿ. ಹಾಲು-ಮೊಸರು ಆಗುತ್ತದೆ, ಮೊಟ್ಟೆ ಆಗುವುದಿಲ್ಲ. ಅವರು ಹೊರಗೆ ಎಲ್ಲ ತಿನ್ನುತ್ತಾರೆ. ಶನಿವಾರ-ಭಾನುವಾರ ಊರು ನೋಡಲು ಹೊರಟರೆ ನನ್ನ ಬ್ಯಾಗಿನಲ್ಲಿ ಪುಳಿಯೋಗರೆ ಡಬ್ಬಿ ಇದ್ದೇ ಇರುತ್ತದೆ. ರಾತ್ರಿ ಮಾರುಕಟ್ಟೆಯ ವಾಸನೆಗೇ ಹೊಟ್ಟೆ ತೊಳಸುತ್ತದೆ. ಆದರೂ ಇಷ್ಟು ದೂರ ಬಂದು ಇಲ್ಲಿಯ ಒಂದು ತಿಂಡಿಯ ರುಚಿಯೂ ಗೊತ್ತಿಲ್ಲದೆ ವಾಪಸ್ ಹೋಗುವುದೆಂದರೆ ಬೇಜಾರು. ಏಪ್ರಿಲ್ ಹೊತ್ತಿಗೆ ಅತ್ತೆ-ಮಾವ ಬರುತ್ತಿದ್ದಾರೆ, ಅವರಿಗೆ ಈರುಳ್ಳಿ-ಬೆಳ್ಳುಳ್ಳಿಯೂ ಇಲ್ಲ. ಎಲ್ಲಿಗೆ ಹೋಗುವುದು, ಏನು ತಿನ್ನುವುದು?

ಉತ್ತರ: ಅತ್ತೆ-ಮಾವನವರ ಚಿಂತೆಯನ್ನು ಮೊದಲು ಪಕ್ಕಕ್ಕಿಡಿ. ಈರುಳ್ಳಿ-ಬೆಳ್ಳುಳ್ಳಿ ಇಲ್ಲದವರಿಗೆ ತೈವಾನ್ ನಿಮ್ಮ ಊಹೆಗಿಂತ ಸಲೀಸಾದ ದೇಶ. ಕಷ್ಟವಿರುವುದು ನಿಮ್ಮದೇ ಪ್ರಶ್ನೆಯಲ್ಲಿ. ನೀವು ಕಣ್ಣು ಮೂಗು ನಂಬಿ ತೀರ್ಮಾನ ಮಾಡುತ್ತಿದ್ದೀರಿ. ಇಲ್ಲಿ ಅವೆರಡೂ ಮೋಸ ಮಾಡುತ್ತವೆ.

ಕೋಳಿ ತೊಡೆಯ ಆಕಾರದಲ್ಲಿ ಹುರಿದಿಟ್ಟದ್ದು ಸೋಯಾ ಆಗಿರಬಹುದು. ಸಿಗಡಿಯ ಹಾಗೆ ಬಳುಕಿ ಗುಲಾಬಿ ಗೆರೆ ಇರುವುದು ಗಡ್ಡೆಯ ಹಿಟ್ಟಿನದ್ದಾಗಿರಬಹುದು. ಮೀನಿನ ತುಂಡೆಂದು ಕಾಣುವುದು ಸೋಯಾ ಹಾಲಿನಿಂದ ಮಾಡಿದ ಪನೀರಿನಂಥ ತೋಫುವಿಗೆ ಕಡಲಪಾಚಿ ಸುತ್ತಿದ್ದು. ಬೌದ್ಧರ ಅಡುಗೆಮನೆಯಲ್ಲಿ ಗೋಧಿಯ ಅಂಟು, ಸೋಯಾ, ಅಣಬೆಗಳಿಂದ ಮಾಂಸದ ರೂಪ ಕಟ್ಟುವುದು ಹಳೆಯ ಕಸುಬು. ನೋಡಿದ ಕೂಡಲೇ ಮುಖ ತಿರುಗಿಸುವ ನಮ್ಮವರೇ ಪಕ್ಕದ ಅಂಗಡಿಗೆ ಹೋಗಿ, ಹಸಿರಾಗಿ ಹೊಳೆಯುವ ಬೇಯಿಸಿದ ಸೊಪ್ಪನ್ನು ನೆಮ್ಮದಿಯಿಂದ ತಿನ್ನುತ್ತಾರೆ. ಆ ಹೊಳಪು ಎಷ್ಟೋ ಸಲ ಹಂದಿ ಕೊಬ್ಬಿನದು. ಸಾಮಾನ್ಯ ಊಟದಂಗಡಿಯಲ್ಲಿ ಸೊಪ್ಪನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದು, ಮೇಲೆ ಒಂದು ಚಮಚ ಹಂದಿ ಕೊಬ್ಬು ಅಥವಾ ಸಣ್ಣಗೆ ಕೊಚ್ಚಿದ ಹಂದಿ ಮಾಂಸದ ಗೊಜ್ಜು ಹಾಕಿಕೊಡುವುದು ವಾಡಿಕೆ. ಬೆಟ್ಟದೂರುಗಳಲ್ಲಿ ಸಿಗುವ ಜರೀಗಿಡದ ಚಿಗುರಿನ ಪಲ್ಯಕ್ಕೆ ಪುಟ್ಟ ಒಣಮೀನು ಬೀಳುತ್ತದೆ. ಬೆಳಗಿನ ತಿಂಡಿಯಂಗಡಿಯ ಸಿಹಿ ಸೋಯಾ ಹಾಲನ್ನು ಯೋಚಿಸದೆ ಕುಡಿಯಬಹುದು. ಅದೇ ಬಟ್ಟಲಿನ ಉಪ್ಪಿನ ಅವತಾರದಲ್ಲಿ, ಹುಳಿ ಬಿದ್ದು ಒಡೆದ ಹಾಲಿನ ಮೇಲೆ, ಒಣ ಸಿಗಡಿ ಉದುರಿಸಿರುತ್ತಾರೆ. ಸೂಪ್ ಎಂದರೆ ಮೂಳೆ ಬೇಯಿಸಿದ ನೀರು ಎಂದೇ ತಿಳಿಯಿರಿ, ಒಳಗೆ ತೇಲುವುದು ಬರೀ ಮೂಲಂಗಿಯಾದರೂ ಸರಿ.

ಹಾಗಾದರೆ ಯಾವುದನ್ನು ನಂಬುವುದು? ಒಂದು ಅಕ್ಷರವನ್ನು. ಸಸ್ಯಾಹಾರಕ್ಕೆ ಇಲ್ಲಿ ‘ಸು’ ಎನ್ನುತ್ತಾರೆ. ಅದರ ಅಕ್ಷರದಲ್ಲಿ ಮೇಲೆ ಮೂರು ಅಡ್ಡಗೆರೆ, ನಡುವೆ ಒಂದು ಉದ್ದಗೆರೆ, ಕೆಳಗೆ ನೂಲು ತಿರುಚಿದಂಥ ಆಕಾರ, ಅದಕ್ಕೆ ಎಡಬಲಕ್ಕೆ ಎರಡು ಚುಕ್ಕಿಗೆರೆ. ಫೋನಿನಲ್ಲಿ ಫೋಟೊ ಇಟ್ಟುಕೊಂಡು ಒಂದು ವಾರ ಬೀದಿಯ ಫಲಕಗಳಲ್ಲಿ ಹುಡುಕಿ. ಆಮೇಲೆ ಅದು ತಾನಾಗಿ ಕಣ್ಣಿಗೆ ಬೀಳುತ್ತದೆ. ಬಹಳ ಅಂಗಡಿಗಳು ಪಕ್ಕದಲ್ಲಿ ಸ್ವಸ್ತಿಕವನ್ನೂ ಬರೆದಿರುತ್ತವೆ, ಅದು ಬೌದ್ಧರ ಗುರುತು. ಬಾಯಲ್ಲಿ ಹೇಳುವುದಾದರೆ ‘ವೋ ಚ್ ಸು’, ನಾನು ಸಸ್ಯಾಹಾರಿ ಎಂದು. ಈ ದೇಶದಲ್ಲಿ ಇದಕ್ಕೆ ವಿವರಣೆ ಕೇಳುವವರಿಲ್ಲ. ಬೌದ್ಧರಲ್ಲಿ, ಯೀಗ್ವಾನ್ ದಾವ್ ಎಂಬ ಪಂಥದವರಲ್ಲಿ ವ್ರತವಾಗಿ ಸಸ್ಯಾಹಾರ ಹಿಡಿದವರು ಬಹಳ ಜನ. ಗಲ್ಲಿಗಲ್ಲಿಯ ಸಸ್ಯಾಹಾರಿ ಖಾನಾವಳಿಗಳಲ್ಲಿ ಎಷ್ಟನ್ನೋ ಆ ಪಂಥದವರೇ ನಡೆಸುತ್ತಾರೆ.

ಪೊಟ್ಟಣದ ತಿನಿಸಾದರೆ ಇನ್ನೂ ಹಗುರ. ಸಸ್ಯಾಹಾರ ಎಂದು ಮಾರುವ ಪೊಟ್ಟಣದ ಮೇಲೆ ಅದು ಯಾವ ಬಗೆಯದು ಎಂದು ಬರೆಯಲೇಬೇಕೆಂಬ ನಿಯಮ 2009ರಿಂದ ಇದೆ. ಬಗೆ ಐದು. ‘ಛ್ವಾನ್ ಸು’ ಅಥವಾ ‘ಚುನ್ ಸು’ ಎಂದರೆ ಹಾಲು, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲ. ‘ನಾಯ್ ಸು’ ಎಂದರೆ ಹಾಲು ಇರಬಹುದು, ‘ದಾನ್ ಸು’ ಎಂದರೆ ಮೊಟ್ಟೆ ಇರಬಹುದು, ‘ದಾನ್ ನಾಯ್ ಸು’ ಎಂದರೆ ಎರಡೂ. ಐದನೆಯದು ‘ವೂ ಶಿನ್ ಸು’, ಈರುಳ್ಳಿ-ಬೆಳ್ಳುಳ್ಳಿ ಜಾತಿಯವು ಇರಬಹುದಾದದ್ದು. ನಿಮ್ಮಂಥವರು ಎಡವುವುದು ಈ ಐದನೆಯದರಲ್ಲಿ. ಈರುಳ್ಳಿ ನನಗೆ ಆಗುತ್ತದಲ್ಲ ಎಂದು ಕೊಂಡುಬಿಡುತ್ತಾರೆ, ಆದರೆ ಈ ಬಗೆಯಲ್ಲಿ ಹಾಲು-ಮೊಟ್ಟೆಗೂ ಅವಕಾಶವಿದೆ. ಹಿಂದೆ ತಿರುಗಿಸಿ ಪದಾರ್ಥಗಳ ಪಟ್ಟಿಗೆ ಫೋನಿನ ಅನುವಾದ ಹಿಡಿಯಿರಿ. ಅತ್ತೆ-ಮಾವನವರಿಗೆ ಮೊದಲ ಎರಡು ಬಗೆ ಸಾಕು.

ಬಾಯಿ ರೂಢಿಯಾಗಬೇಕಾದರೆ ಶುರುವನ್ನು ರಾತ್ರಿ ಮಾರುಕಟ್ಟೆಯಿಂದ ಮಾಡಬೇಡಿ. ಹೊಸಬರನ್ನು ಎಲ್ಲರೂ ಮೊದಲು ಅಲ್ಲಿಗೇ ಕರೆದೊಯ್ಯುತ್ತಾರೆ, ಸಸ್ಯಾಹಾರಿಗೆ ಅದಕ್ಕಿಂತ ಕೆಟ್ಟ ಆರಂಭವಿಲ್ಲ. ಮನೆ ಹತ್ತಿರದ ‘ಸು’ ಬಫೆಗೆ ಒಂದು ಮಧ್ಯಾಹ್ನ ಹೋಗಿ. ಕಾಗದದ ಡಬ್ಬಿ ಹಿಡಿದು ಸಾಲಾಗಿಟ್ಟ ಪಲ್ಯಗಳಲ್ಲಿ ಬೇಕಾದ್ದನ್ನು ಹಾಕಿಕೊಂಡರೆ ತೂಗಿಯೋ ಕಣ್ಣಳತೆಯಲ್ಲೋ ದುಡ್ಡು ಹೇಳುತ್ತಾರೆ. ನೂರು-ನೂರೈವತ್ತು ತೈವಾನ್ ಡಾಲರಿನ ಆಸುಪಾಸಿನಲ್ಲಿ ಹೊಟ್ಟೆ ತುಂಬುತ್ತದೆ. ಗುರುತಿಲ್ಲದ ಪಲ್ಯವನ್ನು ಒಂದೊಂದೇ ಚಮಚ ನೋಡಲು ಇದಕ್ಕಿಂತ ಒಳ್ಳೆ ಜಾಗವಿಲ್ಲ, ಹಿಡಿಸದಿದ್ದರೆ ಹೋಗುವುದು ಒಂದು ಚಮಚವಷ್ಟೇ. ಮಲೆನಾಡಿನವರಾದ ನಿಮಗೆ ಗುರುತು ಸಿಗದ್ದು ಕಡಿಮೆಯೇ. ಕಳಲೆ ಇದೆ, ಕೆಸುವಿನ ಗಡ್ಡೆ ಇದೆ, ಹಾಲಿನಂತೆ ಬೆಳ್ಳಗಿರುವ ಹಾಗಲಕಾಯಿ ಇದೆ. ನಾವು ಕಾಯಿ ಕೊಯ್ದು ಬಳ್ಳಿ ಬಿಸಾಡುವ ಸೀಮೆಬದನೆಯ ಎಳೆ ಕುಡಿಗಳನ್ನು ಇಲ್ಲಿ ಶುಂಠಿ ಹಾಕಿ ಹುರಿಯುತ್ತಾರೆ. ಮಸಾಲೆ ಇಲ್ಲ, ಉಪ್ಪು ಮೆಲ್ಲಗೆ. ಮೊದಲ ನಾಲ್ಕು ಊಟ ಸಪ್ಪೆ ಎನಿಸುತ್ತದೆ. ಪುಟ್ಟ ಶೀಸೆಯಲ್ಲಿ ಮನೆಯ ಚಟ್ನಿಪುಡಿ ಒಯ್ದರೆ ಯಾರೂ ಬೈಯುವುದಿಲ್ಲ. ಪುಳಿಯೋಗರೆ ಡಬ್ಬಿಗೆ ಮಾತ್ರ ನನ್ನ ತಕರಾರಿದೆ. ಅದು ಬ್ಯಾಗಿನಲ್ಲಿದ್ದರೆ ನೀವು ಬೇರೇನನ್ನೂ ಹುಡುಕುವುದಿಲ್ಲ. ಆಪತ್ತಿಗೆಂದು ಏನಾದರೂ ಬೇಕಿದ್ದರೆ ಸೆವೆನ್ ಇಲೆವೆನ್, ಫ್ಯಾಮಿಲಿ ಮಾರ್ಟ್‌ಗಳಲ್ಲಿ ಸುಟ್ಟ ಗೆಣಸು ಸಿಗುತ್ತದೆ, ಬಿಸಿಬಿಸಿ, ಸಿಪ್ಪೆ ಸಮೇತ.

ಇನ್ನು ಊರು ನೋಡುವ ಮಾತು. ಶಿಂಚುವಿನಲ್ಲಿರುವವರು ಶನಿವಾರ ಬಂತೆಂದರೆ ತೈಪೆಗೆ ಓಡುತ್ತಾರೆ. ನಾನಾದರೆ ಮೊದಲು ನಿಮ್ಮ ಬೆನ್ನ ಹಿಂದಿನ ಗುಡ್ಡಗಳಿಗೆ ಕಳಿಸುತ್ತೇನೆ. ಶಿಂಚು ಜಿಲ್ಲೆ ಹಕ್ಕಾ ಎಂಬ ಚೀನೀ ಸಮುದಾಯದ ಜನರ ಸೀಮೆ. ಹೈಸ್ಪೀಡ್ ರೈಲು ನಿಲ್ದಾಣದಿಂದ ಸಿಂಹಶಿರ ಬೆಟ್ಟದ ಕಡೆಗೆ ಪ್ರವಾಸಿ ಬಸ್ಸು ಹೊರಡುತ್ತದೆ, ದಾರಿಯಲ್ಲಿ ಬೇಪು ಎಂಬ ಊರು ಸಿಗುತ್ತದೆ. ಹಳೆಯ ಬೀದಿಯ ಅಂಗಡಿಗಳಲ್ಲಿ ‘ಲೇ ಚಾ’ ಕೇಳಿ. ಒಳಗೆಲ್ಲ ಗೀರುಗೀರಾದ ಮಣ್ಣಿನ ಬೋಗುಣಿ, ಉದ್ದನೆಯ ಮರದ ಕೋಲು, ಚಹಾ ಎಲೆ, ಎಳ್ಳು, ಶೇಂಗಾ, ಕುಂಬಳಬೀಜ ತಂದಿಟ್ಟು ಹೋಗುತ್ತಾರೆ. ಅರೆಯುವುದು ನಿಮ್ಮ ಪಾಲಿನ ಕೆಲಸ. ಎಳ್ಳು-ಶೇಂಗಾ ಎಣ್ಣೆ ಬಿಟ್ಟು ಗಟ್ಟಿ ಮುದ್ದೆಯಾಗುವವರೆಗೆ ತಿರುವಬೇಕು, ನಿಮ್ಮ ಯಜಮಾನರ ತೋಳಿಗೂ ಸ್ವಲ್ಪ ಕೆಲಸ ಕೊಡಿ. ಆಮೇಲೆ ಬಿಸಿನೀರು ಸುರಿದು ಮೇಲೆ ಮಂಡಕ್ಕಿ ಉದುರಿಸಿ ಕುಡಿಯುವುದು. ಈಗ ಪ್ರವಾಸಿಗರ ನಾಲಿಗೆಗೆಂದು ಸಿಹಿಯಾಗಿ ಮಾಡುತ್ತಾರೆ. ಜೊತೆಗೆ ಶೇಂಗಾಪುಡಿಯಲ್ಲಿ ಹೊರಳಿಸಿದ ಅಂಟಕ್ಕಿಯ ಉಂಡೆ ಬರುತ್ತದೆ, ಅದೂ ನಿಮಗೆ ಆಗುತ್ತದೆ. ಹಕ್ಕಾ ಹೋಟೆಲಿನ ಊಟಕ್ಕೆ ಮಾತ್ರ ಕೂರಬೇಡಿ. ಹಂದಿ ಮತ್ತು ಸ್ಕ್ವಿಡ್ ಎಂಬ ಒಣಗಿಸಿದ ಕಡಲಜೀವಿ ಅವರ ಅಡುಗೆಯ ಬೆನ್ನೆಲುಬು. ಮೂಲಂಗಿ ತುರಿ ತುಂಬಿದ ಬಿಳಿ ಅಕ್ಕಿ ಕಡುಬು ನಮ್ಮದೇ ಎನಿಸುತ್ತದೆ, ಒಳಗೆ ಒಣ ಸಿಗಡಿ ಇರುತ್ತದೆ.

ಬೇಪು ಮತ್ತು ಪಕ್ಕದ ಎಮೇ ಊರಿನ ಇನ್ನೊಂದು ಹೆಮ್ಮೆ ‘ಪೂರ್ವದ ಸುಂದರಿ’ ಎಂಬ ಊಲಾಂಗ್ ಚಹಾ. ಬೇಸಿಗೆಯಲ್ಲಿ ಒಂದು ಪುಟ್ಟ ಹಸಿರು ಜಿಗಿಹುಳ ಎಲೆಯ ರಸ ಹೀರುತ್ತದೆ. ಆ ಕಡಿತಕ್ಕೆ ಗಿಡ ತನ್ನೊಳಗೆ ಮಾಡಿಕೊಳ್ಳುವ ಬದಲಾವಣೆಯಿಂದಲೇ ಚಹಾಕ್ಕೆ ಜೇನಿನ ಪರಿಮಳ. ಹುಳ ಬೇಕೆಂದರೆ ತೋಟಕ್ಕೆ ಕೀಟನಾಶಕ ಹೊಡೆಯುವ ಹಾಗಿಲ್ಲ. ಕುಡಿದು ನೋಡಿ, ಹಾಲು ಸಕ್ಕರೆ ಕೇಳಬೇಡಿ.

ಬಸ್ಸಿನ ಕೊನೆಯ ನಿಲುಗಡೆಯ ಕಡೆ ಸಿಂಹಶಿರ ಬೆಟ್ಟವಿದೆ. ಬಂಡೆಯ ಪೊಟರೆಗಳಿಗೆ ಒತ್ತಿ ಕಟ್ಟಿದ ಗುಡಿಗಳು, ಅವುಗಳ ನಡುವೆ ಕಲ್ಲಿನ ಮೆಟ್ಟಿಲ ಕಾಲುದಾರಿ. ಇಲ್ಲಿಯ ಛ್ವಾನ್‌ಹ್ವಾ ಮಂದಿರದಲ್ಲಿ ಯಾತ್ರಿಗಳಿಗೆ ಸಸ್ಯಾಹಾರದ ಊಟ, ತಂಗಲು ಕೋಣೆ ಕೊಡುವ ಪದ್ಧತಿ ಇದೆ. ಯಾವ ದಿನ, ಎಷ್ಟು ಹೊತ್ತಿಗೆ ಎಂದು ಫೋನು ಮಾಡಿ ಕೇಳಿಕೊಂಡು ಹೋಗಿ. ಗುಡಿಯಾದ ಮಾತ್ರಕ್ಕೆ ಊಟ ಶುದ್ಧ ಎಂದುಕೊಳ್ಳಬೇಡಿ. ಬೌದ್ಧ ವಿಹಾರದ ಅಡುಗೆಗೂ ಜಾನಪದ ದೇವರ ಗುಡಿಯ ಸುತ್ತಿನ ಅಡುಗೆಗೂ ಅಜಗಜಾಂತರ. ನಿಮ್ಮ ಶಿಂಚುವಿನ ನಗರದೇವತೆಯ ಗುಡಿಯನ್ನೇ ನೋಡಿ. 1748ರಲ್ಲಿ ಕಟ್ಟಿದ್ದು, ಒಳಾಂಗಣಕ್ಕೆ ಒತ್ತಿಕೊಂಡೇ ತಿಂಡಿ ಅಂಗಡಿಗಳಿವೆ. ಊರಿನ ಹೆಸರಾಂತ ಅಕ್ಕಿ ಶಾವಿಗೆ ಸಿಗುವುದು ಅಲ್ಲೇ, ಹಂದಿ ಮಾಂಸದ ಉಂಡೆಗಳು ಬೇಯುವುದೂ ಅಲ್ಲೇ. ಶರತ್ಕಾಲದಿಂದ ಬೀಸುವ ಒಣ ಈಶಾನ್ಯ ಗಾಳಿಗೆ ಶಾವಿಗೆ ಒಣಗಿಸಿಯೇ ಈ ಊರು ಹೆಸರು ಮಾಡಿದ್ದು. ಆ ಅಂಗಡಿಗಳಲ್ಲಿ ತಿನ್ನಬೇಡಿ, ಒಣ ಶಾವಿಗೆ ಕಟ್ಟು ಕೊಂಡು ಮನೆಯಲ್ಲಿ ಒಗ್ಗರಣೆ ಹಾಕಿ ನಿಂಬೆಹಣ್ಣು ಹಿಂಡಿ. ಅದೇ ಗಾಳಿಗೆ ಶಿನ್‌ಪು ಊರಿನಲ್ಲಿ ಪರ್ಸಿಮನ್ ಹಣ್ಣು ಒಣಗುತ್ತದೆ. ಅಕ್ಟೋಬರ್-ನವೆಂಬರಿನಲ್ಲಿ ಹೋದರೆ ಅಂಗಳದ ತುಂಬ ಬಿದಿರ ತಟ್ಟೆಗಳಲ್ಲಿ ಕೇಸರಿ ಹಣ್ಣು ಹರಡಿರುತ್ತದೆ.

ದಕ್ಷಿಣಕ್ಕೆ ಹೋಗುವಾಗ ರಸ್ತೆಯ ಬದಿಯಲ್ಲಿ ಅಡಿಕೆ ಮರಗಳನ್ನು ಕಂಡು ನಿಮಗೆ ಊರು ನೆನಪಾದೀತು. ತೈವಾನಿನಲ್ಲಿ ಅಡಿಕೆಯನ್ನು ಸಾಮಾನ್ಯವಾಗಿ ಒಣಗಿಸುವುದೂ ಇಲ್ಲ, ಬೇಯಿಸುವುದೂ ಇಲ್ಲ. ಹಸಿರು ಎಳೆಗಾಯಿಗೆ ಸುಣ್ಣ ಹಚ್ಚಿ, ವೀಳ್ಯದೆಲೆ ಸುತ್ತಿ, ಸಿಪ್ಪೆ ಸಮೇತ ಅಗಿಯುತ್ತಾರೆ. ಹೆದ್ದಾರಿ ಬದಿಯ ಗಾಜಿನ ಗೂಡುಗಳಲ್ಲಿ ಬಣ್ಣದ ದೀಪ ಹಾಕಿ ಮಾರುತ್ತಾರೆ. ತಿಂದು ನೋಡಿ ಎಂದು ಹೇಳಲಾರೆ, ಎಳೆಯ ಅಡಿಕೆಗೆ ತಲೆ ತಿರುಗುವುದು ಏನೆಂದು ತೀರ್ಥಹಳ್ಳಿಯವರಿಗೆ ನಾನು ಹೇಳಬೇಕೇ? ಬಾಯಿ ಕ್ಯಾನ್ಸರಿನ ಕಾರಣಕ್ಕೆ ಇಲ್ಲಿಯ ಸರಕಾರ ಅದರ ವಿರುದ್ಧ ವರ್ಷಗಳಿಂದ ಪ್ರಚಾರ ಮಾಡುತ್ತಿದೆ.

ಆಲಿಶಾನ್ ಬೆಟ್ಟದ ರೈಲಿಗೆ ಎರಡು ದಿನ ಎತ್ತಿಡಿ. ಜಪಾನೀಯರು ಮರ ಸಾಗಿಸಲು ಹಾಕಿದ, 1912ರಲ್ಲಿ ಶುರುವಾದ ಹಳಿ. ಜ್ಯಾಯೀ ಊರಿನಲ್ಲಿ ಸಮುದ್ರಮಟ್ಟದಿಂದ ಬರೀ 30 ಮೀಟರ್ ಎತ್ತರದಿಂದ ಹೊರಟು 71 ಕಿ.ಮೀ.ಯಲ್ಲಿ 2,200 ಮೀಟರ್ ದಾಟುತ್ತದೆ. 2009ರ ಮೊರಾಕಾಟ್ ಚಂಡಮಾರುತಕ್ಕೆ ಕಿತ್ತುಹೋಗಿ, ಪೂರ್ತಿ ದಾರಿ ಮತ್ತೆ ತೆರೆದದ್ದು 2024ರ ಜುಲೈನಲ್ಲಿ. ಟಿಕೆಟ್ಟು ಬೇಗ ಮುಗಿಯುತ್ತದೆ. ಕೆಳಗೆ ಬಾಳೆ, ಬಿದಿರು, ಮೇಲೆ ಸೀಡರ್, ಸೈಪ್ರೆಸ್. ಕಾಡು ಬದಲಾಗುವುದನ್ನು ಕಿಟಕಿಯಲ್ಲೇ ನೋಡಬಹುದು. ಈ ಸೀಮೆಯ ತಿನಿಸೆಂದರೆ ಆಯ್‌ಯು. ಅತ್ತಿ ಜಾತಿಯ ಒಂದು ಬಳ್ಳಿಯ ಕಾಯಿಯ ಬೀಜಗಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ತಣ್ಣೀರಿನಲ್ಲಿ ಕಿವುಚುತ್ತಾರೆ. ಒಲೆ ಬೇಡ, ಸಕ್ಕರೆ ಬೇಡ, ಸ್ವಲ್ಪ ಹೊತ್ತಿಗೆ ನೀರು ತಾನೇ ಹೆಪ್ಪುಗಟ್ಟುತ್ತದೆ. ಬೀಜದ ಪೆಕ್ಟಿನ್ ನೀರಿನ ಸುಣ್ಣದಂಶದ ಜೊತೆ ಸೇರಿ ಆಗುವ ಕೆಲಸ ಅದು. ನಿಂಬೆರಸ, ಬೆಲ್ಲದ ಪಾಕ ಹಾಕಿ ಕೊಡುತ್ತಾರೆ. ಜೆಲ್ಲಿ ಎಂದರೆ ಪ್ರಾಣಿಯದು ಎಂಬ ನಮ್ಮ ಅನುಮಾನ ಇದಕ್ಕೆ ಸಲ್ಲದು. ನಿಮ್ಮ ಜಿಲ್ಲೆಯ ಗ್ವಾನ್‌ಶೀ ಊರಿನ ಕಪ್ಪು ಹುಲ್ಲುಜೆಲ್ಲಿಯೂ ಹಾಗೇ, ಪುದೀನ ಜಾತಿಯ ಗಿಡದ ಕಷಾಯ. ಚಳಿಗಾಲದಲ್ಲಿ ಅದನ್ನು ಬಿಸಿಯಾಗಿ ಕೊಡುತ್ತಾರೆ.

ತಾರೋಕೋ ರಾಷ್ಟ್ರೀಯ ಉದ್ಯಾನದ ಕಣಿವೆ ನೋಡುವ ಆಸೆ ಇದ್ದರೆ ತಡೆಯಿರಿ. 2024ರ ಏಪ್ರಿಲ್ 3ರ ಭೂಕಂಪದಲ್ಲಿ ಅದಕ್ಕೆ ಬಹಳ ಪೆಟ್ಟು ಬಿದ್ದಿದೆ. ಯಾವ ದಾರಿ ತೆರೆದಿದೆ ಎಂದು ಉದ್ಯಾನದವರ ಪ್ರಕಟಣೆ ನೋಡದೆ ಹೋಟೆಲು ಕಾದಿರಿಸಬೇಡಿ.

ಇಷ್ಟೆಲ್ಲ ಆದಮೇಲೆ ರಾತ್ರಿ ಮಾರುಕಟ್ಟೆಗೆ ಹೋಗಿ, ಊಟ ಮುಗಿಸಿಕೊಂಡು. ಹಸಿದು ಹೋದವರು ಅಲ್ಲಿ ದುಡುಕುತ್ತಾರೆ. ನಿಮ್ಮ ಹೊಟ್ಟೆ ತೊಳಸಿದ ವಾಸನೆ ಬಹುಶಃ ‘ನಾರುವ ತೋಫು’ವಿನದು. ಹುದುಗಿಸಿದ ದ್ರವದಲ್ಲಿ ನೆನೆಸಿ ಕರಿದದ್ದು. ತಿಂದರೆ ರುಚಿ ವಾಸನೆಗಿಂತ ಎಷ್ಟೋ ಸೌಮ್ಯ, ಪಕ್ಕದಲ್ಲಿ ಹುಳಿ ಎಲೆಕೋಸು ಇಡುತ್ತಾರೆ. ನಿಮ್ಮ ತಕರಾರು ವಾಸನೆಯ ಮೇಲೆ, ನನ್ನದು ಆ ದ್ರವದ ಮೇಲೆ. ಕೆಲವರು ಅದಕ್ಕೆ ಸೊಪ್ಪು-ಬಿದಿರಕಳಲೆ ಮಾತ್ರ ಹಾಕುತ್ತಾರೆ, ಕೆಲವರು ಸಿಗಡಿ, ಮೀನು. ಕರಿಯುವ ಎಣ್ಣೆಯಲ್ಲಿ ಕೋಳಿಯೂ ಈಜಿರಬಹುದು. ‘ಸು’ ಫಲಕವಿದ್ದರೆ ಮಾತ್ರ ಕೈ ಹಾಕಿ. ಇನ್ನೊಂದು ಬಲೆ ಇದೆ. ಕಡ್ಡಿಗೆ ಚುಚ್ಚಿದ ಕಪ್ಪು ಬಣ್ಣದ ಕೇಕು, ಮೈತುಂಬ ಶೇಂಗಾಪುಡಿ, ಮೇಲೆ ಕೊತ್ತಂಬರಿ ಸೊಪ್ಪು. ಶೇಂಗಾ, ಕೊತ್ತಂಬರಿ ಕಂಡ ಕನ್ನಡಿಗರಿಗೆ ಅದು ತವರಿನ ತಿಂಡಿ ಎನಿಸಿಬಿಡುತ್ತದೆ. ಅಂಟಕ್ಕಿಗೆ ಹಂದಿಯ ರಕ್ತ ಕಲಸಿ ಬೇಯಿಸಿದ್ದು ಅದು. ಅದೇ ಶೇಂಗಾ-ಕೊತ್ತಂಬರಿ ಜೋಡಿ ನಿಮಗೆ ಸಲ್ಲುವ ಇನ್ನೊಂದು ಕಡೆ ಇದೆ. ದೊಡ್ಡ ಶೇಂಗಾ ಚಿಕ್ಕಿಯ ಇಟ್ಟಿಗೆಯನ್ನು ಕೀಸುಳಿಯಲ್ಲಿ ಹೆರೆದು, ತೆಳ್ಳನೆಯ ಗೋಧಿ ಹಾಳೆಯ ಮೇಲೆ ಹರಡಿ, ಎರಡು ಉಂಡೆ ಐಸ್‌ಕ್ರೀಮಿಟ್ಟು, ಕೊತ್ತಂಬರಿ ಸೊಪ್ಪು ಹಾಕಿ ಮಡಚಿ ಕೊಡುತ್ತಾರೆ. ಯೀಲಾನ್ ಕಡೆಯ ತಿನಿಸು, ಜ್ಯೂಫೆನ್ ಬೆಟ್ಟದ ಬೀದಿಯಲ್ಲೂ ಸಿಗುತ್ತದೆ. ಐಸ್‌ಕ್ರೀಮಿನಲ್ಲಿ ಮೊಟ್ಟೆ ಇದೆಯೇ ಎಂದಷ್ಟು ಕೇಳಿ. ಹಾಗೆಯೇ ತೋಫುವಿನ ಮೆತ್ತನೆಯ ಸಿಹಿ ‘ದೋಹ್ವಾ’, ಕೆಸುವಿನ ಗಡ್ಡೆ-ಗೆಣಸಿನ ಉಂಡೆಗಳು, ಸುಟ್ಟ ದಪ್ಪ ಅಣಬೆ, ಇವು ಯಾವ ಮಾರುಕಟ್ಟೆಯಲ್ಲೂ ನಿಮ್ಮ ಕೈಬಿಡುವುದಿಲ್ಲ.

ಯಜಮಾನರ ಸಹೋದ್ಯೋಗಿಗಳು ಊಟಕ್ಕೆ ಕರೆದರೆ ಮೇಜಿನ ಮೇಲೆ ಕುದಿಯುವ ಸಾರಿನಲ್ಲಿ ತಾವೇ ಬೇಯಿಸಿಕೊಂಡು ತಿನ್ನಲು ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಪಾತ್ರೆ ಇಡುವ ಹಾಟ್‌ಪಾಟ್ ಅಂಗಡಿ ಆರಿಸಿ ಎನ್ನಿ. ನಿಮ್ಮ ಪಾತ್ರೆಗೆ ‘ಸು’ ಸಾರು ಹೇಳಿದರಾಯಿತು, ಅವರು ಪಕ್ಕದ ಪಾತ್ರೆಯಲ್ಲಿ ಏನನ್ನಾದರೂ ಬೇಯಿಸಿಕೊಳ್ಳಲಿ. ಮೇಜಿನ ಮೇಲಿನ ಕಂದು ಶಾಚಾ ಸಾಸಿನಲ್ಲಿ ಒಣಮೀನು, ಸಿಗಡಿ ಇದೆ, ಮುಟ್ಟಬೇಡಿ.

ಅತ್ತೆ-ಮಾವನವರನ್ನು ದಕ್ಷಿಣದ ಕಾಹ್ಶುಂಗ್ ನಗರದ ಬಳಿಯ ಫೋಗ್ವಾಂಗ್‌ಶಾನ್‌ಗೆ ಕರೆದೊಯ್ಯಿರಿ. 1967ರಲ್ಲಿ ಸ್ಥಾಪನೆಯಾದ ವಿಹಾರ, ಪಕ್ಕದಲ್ಲಿ 2011ರಲ್ಲಿ ತೆರೆದ ಬುದ್ಧ ಸಂಗ್ರಹಾಲಯ. ಎಂಟು ಗೋಪುರಗಳ ನಡುವಿನ ದಾರಿಯ ಕೊನೆಗೆ, ಪೀಠವೂ ಸೇರಿ 108 ಮೀಟರ್ ಎತ್ತರದ ಬುದ್ಧ. ಹೈಸ್ಪೀಡ್ ರೈಲಿನಲ್ಲಿ ಜ್ವೋಯಿಂಗ್‌ಗೆ ಹೋದರೆ ಅಲ್ಲಿಂದ ನೇರ ಬಸ್ಸಿದೆ. ಒಳಗಿನ ಊಟದಲ್ಲಿ ಈರುಳ್ಳಿ-ಬೆಳ್ಳುಳ್ಳಿ ಕೇಳಿದರೂ ಸಿಗದು. ನಡೆಯುವ ದೂರ ಜಾಸ್ತಿ, ಮಾವನವರ ಮಂಡಿ ನೋಡಿಕೊಂಡು ಹೊತ್ತು ಗೊತ್ತುಮಾಡಿ.

ಅವರು ಬರುವುದು ಏಪ್ರಿಲ್ ಎಂದಿರಿ. ತಾಯ್‌ಚುಂಗ್‌ನ ದಾಜ್ಯಾ ಊರಿನ ಮಾಜು ದೇವಿಯ ಮೆರವಣಿಗೆ ಬಹುಮಟ್ಟಿಗೆ ಆ ಹೊತ್ತಿಗೇ ಬೀಳುತ್ತದೆ. ಒಂಬತ್ತು ದಿನ, ಎಂಟು ರಾತ್ರಿ, ಮುನ್ನೂರು ಕಿ.ಮೀ. ದಾಟುವ ಕಾಲ್ನಡಿಗೆ. ಹೊರಡುವ ಮುಹೂರ್ತವನ್ನು ಚಾಂದ್ರಮಾನ ವರ್ಷದ ಮೊದಲ ಹುಣ್ಣಿಮೆಯ ರಾತ್ರಿ ದೇವಿಯ ಮುಂದೆ ಮರದ ಬಿಲ್ಲೆ ಎಸೆದು ಕೇಳುತ್ತಾರೆ. ಅಲ್ಲಿಯವರೆಗೆ ಯಾರಿಗೂ ತಾರೀಖು ಗೊತ್ತಿಲ್ಲ. ದಾರಿಯುದ್ದಕ್ಕೂ ಊರವರು ಮೇಜು ಹಾಕಿ ಪುಕ್ಕಟೆ ಊಟ, ಹಣ್ಣು, ನೀರು ಹಂಚುತ್ತಾರೆ. ಅನ್ನದಾನ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಎಲ್ಲ ಮೇಜೂ ಸಸ್ಯಾಹಾರವಲ್ಲ, ಆದರೆ ‘ಸು’ ಎಂದರೆ ಪಕ್ಕದವರೇ ಕೈಹಿಡಿದು ಸರಿಯಾದ ಮೇಜಿಗೆ ಒಯ್ಯುತ್ತಾರೆ. ಒಂದು ಮಧ್ಯಾಹ್ನ ಒಂದೆರಡು ಮೈಲಿ ಜೊತೆಗೆ ನಡೆದರೂ ಸಾಕು.

ಮನೆಯಲ್ಲಿ ಪಂಚಾಂಗದ ಕ್ಯಾಲೆಂಡರ್ ತೂಗುಹಾಕಿದ್ದರೆ ಅದನ್ನೂ ಬಳಸಿ. ಇಲ್ಲಿಯ ಚಾಂದ್ರಮಾಸದ ಮೊದಲ ಮತ್ತು ಹದಿನೈದನೆಯ ದಿನ, ಅಂದರೆ ಅಮಾವಾಸ್ಯೆ-ಹುಣ್ಣಿಮೆಗಳ ಆಸುಪಾಸು, ಮಾಂಸ ತಿನ್ನುವವರಲ್ಲೂ ಬಹಳ ಜನ ಸಸ್ಯಾಹಾರ ಹಿಡಿಯುತ್ತಾರೆ. ಅಂದು ಸಂತೆಯಲ್ಲಿ ‘ಸು’ ತಿನಿಸು ಹೆಚ್ಚು, ಖಾನಾವಳಿಯಲ್ಲಿ ನೂಕುನುಗ್ಗಲೂ ಹೆಚ್ಚು. ಹನ್ನೊಂದೂವರೆಗೇ ಹೋಗಿಬಿಡಿ.

ನೆರೆಮನೆಯವರು ಬೌದ್ಧ ವ್ರತಸ್ಥರಾಗಿದ್ದು, ಅವರಿಗೆ ನಿಮ್ಮ ಅಡುಗೆಯ ರುಚಿ ತೋರಿಸುವ ಮನಸ್ಸಾದರೆ ಒಂದು ಮಾತು. ಅವರು ಬಿಡುವ ಐದು ಘಾಟು ಪದಾರ್ಥಗಳ ಹಳೆಯ ಪಟ್ಟಿಯಲ್ಲಿ ಇಂಗೂ ಇದೆ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟಿದ್ದೇವಲ್ಲ ಎಂದು ಇಂಗಿನ ಒಗ್ಗರಣೆಯ ಸಾರು ಕೊಟ್ಟರೆ ಮರ್ಯಾದೆಗೆ ತೆಗೆದುಕೊಂಡು ಪಕ್ಕಕ್ಕಿಡುತ್ತಾರೆ. ಜೀರಿಗೆ-ಮೆಣಸಿನ ಸಾರು ಮಾಡಿ, ಒಗ್ಗರಣೆ ತುಪ್ಪದ ಬದಲು ಎಣ್ಣೆಯಲ್ಲಿರಲಿ.